ಗಂಜಿ ಕುಡಿದ ಬ್ರಷ್ಷು

ಹೊಸ ಶೇವಿಂಗ್ ಬ್ರಷ್ಷನ್ನು ಮೊದಲ ಸಲ ಬಿಸಿನೀರಿಗೆ ಅದ್ದಿದರೆ ಒಂದು ನಾತ ಬರುತ್ತದೆ. ಮಳೆಯಲ್ಲಿ ನೆನೆದ ಮೇಕೆ ಒಳಗೆ ಬಂದು ಮೈ ಕೊಡವಿದ ಹಾಗೆ. ನೈಲಾನಿನದಕ್ಕೆ ಆ ನಾತವಿಲ್ಲ, ನಿಜವಾದ ಕೂದಲಿನದಕ್ಕೆ ಮಾತ್ರ. ಈ ವರ್ಷ ಮಗಳ ತಲೆದೀಪಾವಳಿ, ಅಂದರೆ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯನಿಗೆ ಕೊಡುವ ತಟ್ಟೆಯಲ್ಲಿ ಪಂಚೆ, ಶರಟು, ಸೋಪಿನ ಜೊತೆ ಒಂದು ಬ್ರಷ್ಷೂ ಇರಲಿ ಎಂದು ಕೊಯಮತ್ತೂರಿನ ಒಪ್ಪಣಕ್ಕಾರ ಬೀದಿಗೆ ಹೋಗಿ ತಂದೆ. ಹಬ್ಬ ಇನ್ನೂ ದೂರವಿತ್ತು, ಆದರೆ ಹತ್ತಿರ ಬಂದ ಮೇಲೆ ಆ ಬೀದಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

ಮಗಳು ನಕ್ಕಳು. "ಅಮ್ಮಾ, ಅವರು ಗಡ್ಡ ಬಿಟ್ಟಿದಾರೆ. ಮೆಷಿನ್‌ಲೇ ಟ್ರಿಮ್ ಮಾಡ್ಕೊಳ್ಳೋದು. ಬ್ರಷ್ ಯಾತಕ್ಕೆ?" ಗಡ್ಡ ಬಿಟ್ಟವನಿಗೂ ಕತ್ತು ಇರುತ್ತದಲ್ಲ, ಅದನ್ನಾದರೂ ಬೋಳಿಸಿಕೊಳ್ಳಲಿ ಎಂದೆ. ಅಂಗಡಿಯ ಹುಡುಗಿ ಎಲ್ಲವನ್ನೂ ಗಾಜಿನ ಮೇಲೆ ಹರಡಿದ್ದಳು. ದುಬಾರಿಯದು ಮೆತ್ತಗಿತ್ತು, ಕೆನ್ನೆಗೆ ಒತ್ತಿದರೆ ಸೋತು ಮಲಗುತ್ತಿತ್ತು. ಬರೀ ಹಂದಿ ಕೂದಲಿನದು ಚುಚ್ಚಿತು. ನಡುವೆ ಒಂದಿತ್ತು, ಹಂದಿ ಕೂದಲು, ಕುದುರೆ ಕೂದಲು ಎರಡೂ ಬೆರೆಸಿದ್ದು, ನಮ್ಮಂಥವರ ಕೈಗೆ ಎಟುಕುವಂಥದ್ದು. ಅದನ್ನೇ ತಂದೆ. ಮನೆಗೆ ಬಂದು ಬಿಸಿನೀರಿನ ಲೋಟದಲ್ಲಿ ಅದ್ದಿದ್ದೇ ತಡ, ಆ ನಾತ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನನ್ನ ಮಾವ ಬಂದು ಅಡುಗೆಮನೆಯಲ್ಲಿ ನಿಂತ...

ಮಾವ ಎಂದರೆ ಗಂಡನ ತಂದೆ. ಏಕವಚನದಲ್ಲಿ ಬರೆಯುತ್ತಿದ್ದೇನೆ. ಬದುಕಿದ್ದಷ್ಟು ದಿನ ಬಹುವಚನ ಬೇಕಾದಷ್ಟು ಕೊಟ್ಟಿದ್ದೇನೆ, ಇನ್ನು ಸಾಕು. ತುಡಿಯಲೂರಿನ ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಮಾತ್ರ ಯಾರಿಗೂ ಬಾರದು. ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಹಾಸನದ ಹೆಂಗಸು ನನಗೊಬ್ಬಳಿಗೆ ಅಕ್ಷರ ಕಲಿಸಿ ಹೋದಳು. ಅದಕ್ಕೇ ಇಷ್ಟು ಧೈರ್ಯ.

ನನ್ನನ್ನು ಕೊಟ್ಟದ್ದು ವೆಳ್ಳಕೋಯಿಲಿಗೆ. ಮಾವನಿಗೆ ಅಲ್ಲಿ ಪವರ್‌ಲೂಮ್ ಶೆಡ್ಡು ಇತ್ತು, ಬೆಡ್‌ಶೀಟು ನೇಯಿಸಿ ಕರೂರಿಗೆ ಕಳಿಸುತ್ತಿದ್ದ. ಬಿಳಿ ಪಂಚೆ, ಬಿಳಿ ಶರಟು, ಜೇಬಿನಲ್ಲಿ ಬೇಕಂತಲೇ ಕಾಣುವ ಹಾಗೆ ಪೆನ್ನು. ಅವನು ಹುಟ್ಟಿದ್ದು ನಮ್ಮ ಹಾಗೇ ಕೈಮಗ್ಗದ ಬೀದಿಯಲ್ಲಿ. ಅವನ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯ್ದವನೇ. ಆದರೆ ನೂಲಿನ ವ್ಯಾಪಾರಿಗಳ ಮುಂದೆ ಅದು ಬಾಯಿಗೆ ಬರುತ್ತಿರಲಿಲ್ಲ. "ನಮ್ಮ ಕಡೆ ತೋಟ, ಭೂಮಿ" ಎನ್ನುತ್ತಿದ್ದ. ಯಾವ ತೋಟ, ಎಲ್ಲಿಯ ಭೂಮಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡ ಎನ್ನುತ್ತಾರಲ್ಲ, ಆ ಕೊಡೆಯ ಕೆಳಗೆ ನಾನು ಸೊಸೆಯಾಗಿ ಬಂದು ನಿಂತೆ.

ನನ್ನ ಅಪ್ಪ ಮಡತ್ತುಕುಳಂ ಕಡೆಯ ಒಂದು ಹಳ್ಳಿಯಲ್ಲಿ ಕೈಮಗ್ಗ ನಡೆಸುತ್ತಿದ್ದ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು, ಅಪ್ಪನಿಗೆ ನಾನೊಬ್ಬಳೇ. ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಹಾಸು ನೂಲನ್ನು ಉದ್ದಕ್ಕೆ ಕಟ್ಟಿ, ಗಂಜಿ ಬಳಿದು, ದೊಡ್ಡ ಕುಂಚದಿಂದ ತೀಡುತ್ತಿದ್ದರು. ಗಂಜಿ ಎಳೆಗೆ ಇಳಿಯಬೇಕು, ಎಳೆ ಹರಿಯಬಾರದು. ಆ ಕುಂಚ ಹೊಸದಾಗಿದ್ದರೆ ನೇರವಾಗಿ ನೂಲಿನ ಮೇಲೆ ಹಾಕುತ್ತಿರಲಿಲ್ಲ. ರಾತ್ರಿಯಿಡೀ ಗಂಜಿಯಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಕೈಗೆತ್ತಿಕೊಳ್ಳುತ್ತಿದ್ದರು. ಕುಂಚಕ್ಕೆ ಗಂಜಿ ಕುಡಿಸುವುದು ಎಂದು ಅದಕ್ಕೆ ಹೆಸರು. ಹೊಸ ಕುಂಚ ಒರಟು, ಗಂಜಿ ಕುಡಿದ ಮೇಲೆ ಪಳಗುತ್ತದೆ ಎಂಬುದು ನಮ್ಮವರ ನಂಬಿಕೆ.

ನನ್ನ ತಲೆದೀಪಾವಳಿಗೆ ಅಪ್ಪ ಉಡುಮಲೈಪೇಟೆಗೆ ಹೋಗಿ ಅಳಿಯನಿಗೆ ಶೇವಿಂಗ್ ಸೆಟ್ಟು ತಂದ. ಬ್ರಷ್ಷು ಆರಿಸಲು ಅರ್ಧ ದಿನ ಹಿಡಿಯಿತಂತೆ. ಅಂಗಡಿಯವನಿಗೆ ಬೇಸರ ಬಂದು, ಇದೇನು ಹೆಣ್ಣು ನೋಡುತ್ತಿದ್ದೀಯೋ, ಬ್ರಷ್ಷು ನೋಡುತ್ತಿದ್ದೀಯೋ ಎಂದು ಕೇಳಿದನಂತೆ. ಇದನ್ನೆಲ್ಲ ಅಪ್ಪ ಆಮೇಲೆ ಹೇಳಿದ್ದು. "ಹಂದಿ ಕೂದಲು ನಿಲ್ಲತ್ತೆ ಕಣ್ಣು, ಕುದುರೇದು ನೀರು ಹಿಡೀತದೆ. ಎರಡೂ ಬೇಕು. ಮಾಪ್ಳೆ ಕೆನ್ನೆ ನೋವಾಗ್ಬಾರ್ದು ತಾನೆ?" ಮಾಪ್ಳೆ ಎಂದರೆ ಅಳಿಯ, ಕಣ್ಣು ಎಂದರೆ ಮುದ್ದಿನಿಂದ ಕರೆಯುವುದು, ನಮ್ಮ ಮನೆಮಾತಿನಲ್ಲಿ ತಮಿಳು ಹಾಗೇ ಬೆರೆತಿರುತ್ತದೆ. ಬ್ರಷ್ಷು ಮನೆಗೆ ತಂದು ನೀರಿಗೆ ಅದ್ದಿದಾಗ ಮೇಕೆ ನಾತ ಬಂತು. ಬೇರೆ ಯಾರಾದರೂ ಆಗಿದ್ದರೆ ಸೋಪು ಹಾಕಿ ತೊಳೆಯುತ್ತಿದ್ದರು. ಅಪ್ಪ ತನಗೆ ಗೊತ್ತಿದ್ದದ್ದನ್ನು ಮಾಡಿದ. ಅಕ್ಕಿಗಂಜಿ ಕಾಯಿಸಿ ರಾತ್ರಿಯಿಡೀ ಅದರಲ್ಲಿ ನೆನೆಸಿಟ್ಟ. ನಾತ ಹೋಗಲಿ, ಕೂದಲು ಪಳಗಲಿ ಎಂದು.

ಹಬ್ಬಕ್ಕೆ ಮುಂಚೆ ಹೆಣ್ಣಿನ ಮನೆಯವರು ಬಂದು ಮಗಳು ಅಳಿಯನನ್ನು ಕರೆಯಬೇಕು. ಅಪ್ಪ ಒಬ್ಬನೇ ಬಂದ. ಸೀರಿನ, ಅಂದರೆ ಹಬ್ಬದ ಉಡುಗೊರೆಯ, ತಟ್ಟೆಗಳನ್ನು ಹಜಾರದಲ್ಲಿ ಸಾಲಾಗಿ ಇಟ್ಟ. ಅಂದು ಮಾವನ ವ್ಯಾಪಾರದವರು ಐದಾರು ಜನ ಊಟಕ್ಕೆ ಬಂದಿದ್ದರು, ಒಳಗೆ ಬಾಳೆಲೆ ಹಾಕಿಯಾಗಿತ್ತು, ಅಪ್ಪನಿಗೂ ಒಂದು ಎಲೆ ನಾನೇ ಹಾಕಿದ್ದೆ. ಮಾವ ತಟ್ಟೆಗಳನ್ನು ನೋಡುತ್ತ ಬಂದು ಬ್ರಷ್ಷನ್ನು ಕೈಗೆತ್ತಿಕೊಂಡ. ಗಂಜಿ ಒಣಗಿ ಕೂದಲು ಬಿರುಸಾಗಿತ್ತು, ಬುಡದಲ್ಲಿ ಬಿಳಿ ಪುಡಿ ಕಚ್ಚಿತ್ತು. ಮೂಗಿನ ಹತ್ತಿರ ತಂದ. ಒಂದು ಕ್ಷಣ ಕಣ್ಣು ಮುಚ್ಚಿದ. ಅದನ್ನು ನಾನು ಬಾಗಿಲ ಸಂದಿನಿಂದ ನೋಡಿದೆ, ಆಗ ಅರ್ಥವಾಗಲಿಲ್ಲ.

"ಯಾರ ಮೋರೆ ಉಜ್ಜಿದ ಬ್ರಷ್ಷು ಇದು?" ಎಂದ.

ಅಪ್ಪ ಕೈ ಮುಗಿದ. "ಅಯ್ಯೋ ಸಂಬಂಧೀ, ಹೊಸದು. ಗಂಜಿ ಕುಡಿಸಿದೀನಿ, ಅಷ್ಟೇ."

"ಗಂಜಿಯಾ?" ಮಾವ ತಮಿಳಿಗೆ ಹೊರಳಿ ವ್ಯಾಪಾರಿಗಳ ಕಡೆ ತಿರುಗಿದ. ಬ್ರಷ್ಷಿಗೆ ಗಂಜಿ ಕುಡಿಸುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ, ಸಂಬಂಧಿಯ ಊರಿನಲ್ಲಿ ಮನುಷ್ಯರಿಗೆ ಏನು ಕುಡಿಸುತ್ತಾರೋ ಎಂದ. ಎಲ್ಲರೂ ನಕ್ಕರು. ಆಮೇಲೆ ಮತ್ತೆ ಕನ್ನಡದಲ್ಲಿ, ಅಪ್ಪನಿಗೆ ಮಾತ್ರ ನಾಟುವ ಹಾಗೆ ಹೇಳಿದ: "ಬಾರ್ಬರ್ ಅಂಗ್ಡಿ ಪಳೇ ಬ್ರಷ್ಷು ತಂದು ನನ್ನ ಮಗನಿಗೆ ಸೀರು ಅಂತ ಕೊಡ್ತೀಯಾ? ಅಸಿಂಗ, ನಾಚ್ಕೆ ಆಗಲ್ವಾ ನಿನಗೆ?"

ನನ್ನ ಗಂಡ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಅವರ ಬಾಯಿಗೆ ಹುಟ್ಟಿದಾಗಲೇ ಬೀಗ ಹಾಕಿ ಕೀಲಿಯನ್ನು ಮಾವನೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ವ್ಯಾಪಾರಿಗಳು ಪಂಕ್ತಿಯಲ್ಲಿ ಕೂತು ಪಾಯಸ ಕುಡಿದರು. ಅಪ್ಪನ ಎಲೆಯನ್ನು ಮಡಚುವಾಗ ಮಾವ ಹಿಂದೆ ಬಂದು ನಿಂತು, "ಆ ಮನುಷ್ಯನ ಹೆಸರು ಇನ್ನು ಈ ಮನೇಲಿ ಎತ್ತಬಾರದು" ಎಂದ. ಆ ದೀಪಾವಳಿಗೆ ನಾವು ಹೋಗಲಿಲ್ಲ. ಆಮೇಲಿನ ಯಾವ ದೀಪಾವಳಿಗೂ ಹೋಗಲಿಲ್ಲ.

ಮಾವ ಬ್ರಷ್ಷನ್ನು ಶೆಡ್ಡಿಗೆ ಎಸೆದ. ಕೆಲಸದವರು ಅದರಿಂದ ಲೂಮಿನ ಮೇಲಿನ ಹತ್ತಿ ಧೂಳು ಗುಡಿಸುತ್ತಿದ್ದರು. ಎಣ್ಣೆ, ಜಿಡ್ಡು, ಧೂಳು ಎಲ್ಲ ತಿಂದೂ ಅದರ ಒಂದು ಕೂದಲೂ ಉದುರಲಿಲ್ಲ. ವರ್ಷಗಟ್ಟಲೆ ಬಾಳಿತು. ಅಷ್ಟು ಒಳ್ಳೆಯ ಆಯ್ಕೆ! ಶೆಡ್ಡಿಗೆ ಟೀ ಕೊಂಡೊಯ್ದಾಗಲೆಲ್ಲ ಅದನ್ನು ನೋಡುತ್ತಿದ್ದೆ, ನೋಡಿದಾಗಲೆಲ್ಲ ಮಾವನಿಗೆ ಶಾಪ ಹಾಕುತ್ತಿದ್ದೆ. ಶಾಪಕ್ಕೆ ಬಲವಿದ್ದಿದ್ದರೆ ಆ ಶೆಡ್ಡು ಎಂದೋ ಕುಸಿಯಬೇಕಿತ್ತು.

ಅಪ್ಪ ನನ್ನನ್ನು ನೋಡಲು ಬರುವುದನ್ನು ಬಿಡಲಿಲ್ಲ. ವೆಳ್ಳಕೋಯಿಲ್ ಬಸ್ ಸ್ಟ್ಯಾಂಡಿಗೆ ಬಂದು, ಅಲ್ಲಿನ ಟೀ ಅಂಗಡಿಯ ಹುಡುಗನ ಕೈಯಲ್ಲಿ ಹೇಳಿ ಕಳಿಸುತ್ತಿದ್ದ. ನಾನು ತರಕಾರಿ ನೆಪ ಹೇಳಿ ಓಡುತ್ತಿದ್ದೆ. ಸಿಮೆಂಟಿನ ಬೆಂಚಿನ ಮೇಲೆ ಪಕ್ಕಪಕ್ಕ ಕೂತು, ಬಸ್ಸಿನ ಹಾರನ್ನಿನ ನಡುವೆ ಮಾತಾಡುತ್ತಿದ್ದೆವು. ಮಗಳು ಹುಟ್ಟಿದಾಗಲೂ ಅಪ್ಪ ಅವಳನ್ನು ಮೊದಲು ಎತ್ತಿಕೊಂಡದ್ದು ಅದೇ ಬೆಂಚಿನ ಮೇಲೆ.

"ಮನೆಗೆ ಬಾ ಅಪ್ಪ. ಏನಾದ್ರೂ ಅಂದ್ರೆ ನಾನು ಕೇಳ್ತೀನಿ" ಎಂದೆ ಒಮ್ಮೆ.

"ಬೇಡ ಕಣ್ಣು. ಎಲೆ ಹಾಕಿ ಎಬ್ಬಿಸಿದ ಮನೆ ಅದು. ಅವರಾಗಿ ಕೂರಿಸಿದ ದಿನ ಬತ್ತೀನಿ." ಆಮೇಲೆ ಕೇಳಿದ: "ಗಂಜಿ ಹಾಕಿದ್ದು ತಪ್ಪಾ? ನಿಜವಾಗ್ಲೂ ಅವರಿಗೆ ಗೊತ್ತಿರಲಿಲ್ಲೇನೋ. ಲೂಮು ಇಟ್ಟವರು, ನಮ್ಮ ಪಳಕ, ವಾಡಿಕೆ ಎಲ್ಲ ಮರೆತಿರ್ತಾರೆ."

ಅಪ್ಪ ಹಾಗೆ ನಂಬಿದ್ದ. ಬಹಳ ವರ್ಷ ನಾನೂ ಅದನ್ನೇ ನಂಬಿದೆ. ತಿಳಿಯದೆ ಅಂದ, ಗರ್ವದಿಂದ ಅಂದ, ಗರ್ವ ಇಳಿದ ದಿನ ಕರೆದಾನು ಎಂದು ಕಾದೆ. ಆ ದಿನ ಬರುವ ಮೊದಲೇ ಅಪ್ಪ ಸತ್ತ. ದೊಡ್ಡಪ್ಪನ ಮಗ ಬೆಂಕಿ ಇಟ್ಟ. ಮುಂದೆ ವರ್ಷಕ್ಕೊಮ್ಮೆ ಎಳ್ಳುನೀರು ಬಿಡುವವರು ಯಾರು ಎಂದು ಯಾರೂ ಕೇಳಲಿಲ್ಲ, ಅವನೂ ಆಮೇಲೆ ಸೂರತ್ತಿನ ಕಡೆ ಹೋದ.

ಅದರ ಮರುವರ್ಷ ಲೂಮು ಮಾರಿ ನಾವು ತುಡಿಯಲೂರಿಗೆ ಬಂದೆವು. ಮಾವನಿಗೆ ಒಂದು ಕೈ, ಒಂದು ಕಾಲು ಬಿದ್ದುಹೋಗಿತ್ತು, ನಾಲಿಗೆ ಮಾತ್ರ ಗಟ್ಟಿಯಾಗಿತ್ತು. ಸೇವೆ ಮಾಡಿದವಳು ನಾನೇ. ಪ್ರೀತಿಯಿಂದ ಮಾಡಿದೆ ಎಂದು ಸುಳ್ಳು ಬರೆಯುವುದಿಲ್ಲ, ಹಲ್ಲು ಕಚ್ಚಿಕೊಂಡು ಮಾಡಿದೆ. ಕ್ಷೌರಕ್ಕೆ ಒಬ್ಬ ಮನೆಗೇ ಬರುತ್ತಿದ್ದ. ಒಂದು ದಿನ ಅವನು ಹೊಸ ಬ್ರಷ್ಷು ತಂದಿದ್ದ. ನಾನು ಬಿಸಿನೀರು ಹಿಡಿದು ನಿಂತಿದ್ದೆ. ಕೆನ್ನೆಗೆ ತಾಗಿದ್ದೇ ಮಾವ ಮುಖ ಕಿವುಚಿದ.

"ಚುಚ್ಚತ್ತಲ್ಲೋ! ಹೊಸದಾ? ಒಂದು ರಾತ್ರಿ ಗಂಜೀಲಿ ನೆನೆ ಹಾಕ್ಬಾರ್ದಾ? ನಮ್ಮಪ್ಪ ಯಾವ ಕುಂಚ ತಂದ್ರೂ ಮೊದಲು ಗಂಜಿ ಕುಡಿಸ್ತಿದ್ದ."

ಕ್ಷೌರದವನು ಹೋಗುವವರೆಗೂ ತಡೆದುಕೊಂಡೆ. ಆಮೇಲೆ ಕೇಳಿದೆ: "ಹಾಗಾದ್ರೆ ಆವತ್ತು ನಿಮಗೆ ಗೊತ್ತಿತ್ತು. ನಮ್ಮಪ್ಪ ತಂದದ್ದು ಹೊಸದು ಅಂತ."

ಅವನು ನನ್ನನ್ನು ನೋಡಿದ. ನಾಚಿಕೆ ಬೇಡ, ಒಂದು ತಡವರಿಕೆಯಾದರೂ ಇರಬಾರದೇ? "ಮೂಗಿಲ್ವಾ ನನಗೆ?" ಎಂದ. "ಅಷ್ಟು ಜನ ಕೂತಿದ್ರು. ನಿಮ್ಮಪ್ಪ ಬಂದು ಗಂಜಿ, ಕುಂಚ ಅಂತ ಬಿಚ್ಚಿದ್ರೆ ನನ್ನ ಮಾನ ಏನಾಗ್ಬೇಕು? ಹೋಗು, ಕಾಪಿ ತಾ."

ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ. ಅಷ್ಟು ದೊಡ್ಡ ಅನ್ಯಾಯಕ್ಕೆ ನನ್ನಿಂದ ಆದದ್ದು ಅಷ್ಟೇ. ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅವನು ತಿಳಿಯದೆ ಅಂದಿದ್ದ ಎಂಬ ಒಂದೇ ಒಂದು ಸಮಾಧಾನವಿತ್ತು, ಅದನ್ನೂ ಕಿತ್ತುಕೊಂಡ. ಆ ಗಂಜಿಯ ವಾಸನೆ ಅವನ ಅಪ್ಪನ ಕೈಯ ವಾಸನೆ. ಅದಕ್ಕೇ ಆವತ್ತು ಕಣ್ಣು ಮುಚ್ಚಿದ್ದು. ಗುರುತು ಹಿಡಿದ ಮೇಲೂ, ಐದಾರು ಜನ ವ್ಯಾಪಾರಿಗಳ ಮುಂದೆ ತನ್ನ ಬೀದಿ ಕಾಣಬಾರದೆಂದು, ನನ್ನ ಅಪ್ಪನನ್ನು ಕಳ್ಳನ ಹಾಗೆ ಹೊರಗೆ ಕಳಿಸಿದ. ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಇವನು ಏಣಿ ಹಿಡಿದು ನಿಂತವನನ್ನೂ ಒದ್ದ.

ಸ್ವಲ್ಪ ಕಾಲ ಕಳೆದು ಸತ್ತ. ಬಂದವರೆಲ್ಲ ಕೊಡುಗೈ, ದೊಡ್ಡ ಮನುಷ್ಯ, ಹುಲಿಯ ಹಾಗೆ ಬಾಳಿದವರು ಎಂದರು. ಸತ್ತ ಮೇಲೆ ಯಾರಿಗೂ ಕೆಟ್ಟ ಗುಣ ಉಳಿಯುವುದಿಲ್ಲವಲ್ಲ... ನಾನು ಕಾಫಿ ಲೋಟ ತೊಳೆಯುತ್ತ ಕೂತಿದ್ದೆ.

ಅಳಿಯನ ಬ್ರಷ್ಷು ತಂದ ವಾರದಲ್ಲೇ ಮಹಾಲಯ ಅಮಾವಾಸ್ಯೆ ಬಂತು. ನನ್ನ ಗಂಡ ಪ್ರತಿವರ್ಷದ ಹಾಗೆ ಪೇರೂರಿನ ಹೊಳೆದಂಡೆಯಲ್ಲಿ ಕೂತು ತಂದೆ, ತಾತ, ಮುತ್ತಾತ ಎಂದು ಎಳ್ಳುನೀರು ಬಿಟ್ಟರು. ನಾನು ಹಿಂದೆ ನಿಂತಿದ್ದೆ. ಬೇರೆ ಯಾರಾದರೂ ಇದ್ದಾರೆಯೇ, ಹೆಂಡತಿ ಕಡೆಯವರು, ನಂಟರು ಎಂದು ಪುರೋಹಿತರು ತಮಿಳಿನಲ್ಲಿ ಕೇಳಿದರು. ಅವರು ಪ್ರತಿವರ್ಷ ಕೇಳುತ್ತಿದ್ದರು, ಇವರು ಪ್ರತಿವರ್ಷ ತಲೆ ಅಲ್ಲಾಡಿಸುತ್ತಿದ್ದರು. ಈ ಸಲವೂ ತಲೆ ಅಲ್ಲಾಡಲು ಶುರುವಾಯಿತು. ನಾನು ಬಗ್ಗಿ ಅಪ್ಪನ ಹೆಸರು ಹೇಳಿದೆ, ಆ ದಂಡೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಗಂಡ ನನ್ನ ಮುಖ ನೋಡಿದರು. ಆಮೇಲೆ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿ ನೀರು ಬಿಟ್ಟರು. ಅಪ್ಪನಿಗೆ ಇದರಿಂದ ಏನು ಸಿಕ್ಕಿತೋ ನನಗೆ ತಿಳಿಯದು. ನನ್ನ ಮನೆಯ ಹಜಾರದಲ್ಲಿ ಕೂತು ಅವನು ಒಂದು ಲೋಟ ಕಾಫಿ ಕುಡಿಯಲಿಲ್ಲ, ಇನ್ನು ಕುಡಿಯುವುದೂ ಇಲ್ಲ. ಆದರೆ ಮಾವನ ಎಳ್ಳು ಬಿದ್ದ ತಟ್ಟೆಯಲ್ಲೇ ಅಪ್ಪನದೂ ಬಿತ್ತು. ಇಬ್ಬರೂ ಈಗ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಎಬ್ಬಿಸಲಿ ನೋಡೋಣ.