ಮೀನನ್ನು ಗುಡ್ಡ ಹತ್ತಿಸಿದ ಓಜೀಲಿಯಾ

ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದಾನೆ. ನಮ್ಮೂರು ಅನ್ಸ್ ಮಾಪುವಿನ ಕಡಲ ದಂಡೆಯಿಂದ ಶಾಲೆಯ ಬಯಲಿಗೆ ಹತ್ತುವ ಕಲ್ಲುಮೆಟ್ಟಿಲ ಮೇಲೆ ಓಜೀಲಿಯಾ ಲರಾಕ್ ಕುಕ್ಕರಗಾಲಲ್ಲಿ ಕೂತು ಪಾಚಿ ಕೆರೆಯುತ್ತಿದ್ದಾರೆ. ಕೈಯಲ್ಲಿ ಮೊಂಡು ಮಚ್ಚು, ಪಕ್ಕದಲ್ಲಿ ಒಂದು ಡಬ್ಬಿ ಸುಣ್ಣ. ಒಂದು ಮೆಟ್ಟಿಲು ಕೆರೆದು, ಅಂಚಿಗೆ ಸುಣ್ಣ ಬಳಿದು, ಗೋಡೆ ಹಿಡಿದು ಎದ್ದು, ಮುಂದಿನದಕ್ಕೆ ಕೂರುತ್ತಾರೆ. ಏಳುವಾಗ ಒಮ್ಮೆ ದೇವರನ್ನು ಕರೆಯುತ್ತಾರೆ, ಕೂರುವಾಗ ಇನ್ನೊಮ್ಮೆ.

"ಕೆರೆದಷ್ಟೂ ಬೆಳೆಯುತ್ತೆ ಇದು," ಎನ್ನುತ್ತಾರೆ ಬೆನ್ನು ನೆಟ್ಟಗೆ ಮಾಡುತ್ತಾ. "ಪಾಚಿಗಿರೋ ಹಟ ನಮ್ಮ ಜನಕ್ಕಿದ್ದಿದ್ರೆ ನಾನು ಯಾವತ್ತೋ ಮನೇಲಿ ಕಾಲು ಚಾಚಿ ಕೂತಿರ್ತಿದ್ದೆ."

ಕಾಲು ಚಾಚುವ ವಯಸ್ಸೇ ಅವರದು, ಅರವತ್ತು ದಾಟಿದೆ. ಮೊದಲು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದರು. ಈಗ ಕೆರಿಬಿಯನ್ ದ್ವೀಪ ಡೊಮಿನಿಕಾದ ಈ ಕರಾವಳಿಯ ಹಳ್ಳಿಗಳಿಗೆ ವಿಪತ್ತು ಎದುರಿಸುವುದನ್ನು ಕಲಿಸುತ್ತಾರೆ. ಚಂಡಮಾರುತಕ್ಕೆ ಮೊದಲು ಮನೆಯ ಮಾಡು ಹೇಗೆ ಬಿಗಿಯಬೇಕು, ಹಾಸಿಗೆಯ ಹೊದಿಕೆಯಲ್ಲಿ ಗಾಯಾಳುವನ್ನು ಹೇಗೆ ಹೊರಬೇಕು, ನೆಲ ನಡುಗಿದರೆ ಯಾವ ದಿಕ್ಕಿಗೆ ಓಡಬೇಕು. ತರಬೇತಿಯಲ್ಲಿ ಗಾಯಾಳುವಾಗಿ ಮಲಗಿಸಲು ಕೊಟ್ಟಿದ್ದ ಪ್ಲಾಸ್ಟಿಕ್ ಬೊಂಬೆ ರಾಜಧಾನಿಗೆ ಹೋದದ್ದು ವಾಪಸ್ ಬಂದಿಲ್ಲ. ಹಳೆಯ ಅಂಗಿಯೊಳಗೆ ಒಣಗಿದ ಬಾಳೆಲೆ ತುಂಬಿ ತಾವೇ ಒಂದು ಬೊಂಬೆ ಹೊಲಿದುಕೊಂಡು, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಊರೂರು ತಿರುಗುತ್ತಾರೆ. ಎದುರಿಗೆ ಜನ ಮಿಸ್ ಓಜಿ ಎನ್ನುತ್ತಾರೆ, ಬೆನ್ನ ಹಿಂದೆ ಚಂಡಮಾರುತದ ಚಿಕ್ಕಮ್ಮ.

ಹೊರಗಿನ ತಜ್ಞರು ಬಂದು ಪರದೆಯ ಮೇಲೆ ಚಿತ್ರ ತೋರಿಸಿ, ಊಟ ಹಾಕಿ, ಟೋಪಿ ಹಂಚಿ ಹೋದರೆ ಊರೆಲ್ಲ ತಲೆಯಾಡಿಸುತ್ತದೆ. ಅದನ್ನೇ ಓಜೀಲಿಯಾ ಹೇಳಿದರೆ ಆಕಳಿಸುತ್ತದೆ. ಶಂಖದಿಂದ ಬಂದರೇ ತೀರ್ಥ. ಆದರೆ ನಮ್ಮೂರಿನ ಶಂಖದಿಂದ ಬರುವುದು ತೀರ್ಥವಲ್ಲ, ಮೀನು. ದೋಣಿ ದಡಕ್ಕೆ ಬಂದಾಗ ಮೀನುಗಾರರು ಶಂಖ ಊದುತ್ತಾರೆ. ಊದಿದ ತಕ್ಷಣ ಬೋಗುಣಿ ಹಿಡಿದು ಕಡಲಿಗೆ ಓಡುವುದು ನಮ್ಮ ಅಜ್ಜಂದಿರ ಕಾಲದ ಅಭ್ಯಾಸ.

ಹೋದ ವರ್ಷ ಓಜೀಲಿಯಾ ಎಡವಿದ್ದು ಇಲ್ಲೇ. ಸುನಾಮಿಯ ಅಣಕು ಕಾರ್ಯಾಚರಣೆಯ ದಿನ, ಎಚ್ಚರಿಕೆಯ ಸೈರನ್ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿತ್ತು. ಹಿರಿಯರಿಗೂ ಮಕ್ಕಳಿಗೂ ಕೇಳಿಸುವ ಸದ್ದು ಬೇರೆ ಯಾವುದಿದೆ ಎಂದು ಯೋಚಿಸಿ, ತಾವೇ ಶಂಖ ಊದಿದರು. ಊರಿಗೆ ಊರೇ ಇಳಿಯಿತು. ಮೇಲೆ ಹತ್ತಬೇಕಾದವರು ಬೋಗುಣಿ ಹಿಡಿದು ನೀರಿನ ಅಂಚಿಗೆ ಬಂದು ನಿಂತು, ಮೀನೆಲ್ಲಿ ಎಂದು ಜಗಳ ತೆಗೆದರು. ನಮ್ಮ ಮನೆಯ ಬೋಗುಣಿಯೂ ಅಲ್ಲಿತ್ತು. ಗುಡ್ಡದ ಮೇಲೆ ಕಾಯುತ್ತಿದ್ದ ರಾಜಧಾನಿಯ ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಓಜೀಲಿಯಾ ಮಾತ್ರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಎಲ್ಲರಿಗೂ ಅದು ತಮಾಷೆ," ಎನ್ನುತ್ತಾರೆ ಈಗ. "ಆವತ್ತು ಕಡಲು ನಿಜವಾಗ್ಲೂ ಎದ್ದು ಬಂದಿದ್ರೆ? ನಾನೇ ಊದಿ ಕರೆದು, ನಾನೇ ಅದರ ಬಾಯಿಗೆ ಹಾಕ್ದಂಗೆ ಆಗ್ತಿತ್ತು."

ಈ ಮಾತಿನ ಹಿಂದೆ ಒಂದು ಸಾವಿದೆ. ದೊಡ್ಡ ಚಂಡಮಾರುತ ಬಂದಾಗ ದಂಡೆಯ ಮನೆಗಳ ಜೊತೆ ಅವರ ತಾಯಿಯನ್ನೂ ಕಡಲು ಎಳೆದುಕೊಂಡು ಹೋಯಿತು. "ಮೇಲೆ ಬಾ ಅಂತ ಕರೆದೆ. ಸಾರು ಇಳಿಸಿ ಬರ್ತೀನಿ, ನೀನು ನಡಿ ಅಂದ್ಳು. ಇನ್ನೊಂದ್ಸಲ ಕರೀಬೇಕಿತ್ತು." ಮಚ್ಚನ್ನು ಕಲ್ಲಿಗೆ ಉಜ್ಜಿ, ಮುಂದಿನ ಮೆಟ್ಟಿಲಿನ ಪಾಚಿಗೆ ಕೈ ಹಾಕುತ್ತಾರೆ.

ತಾಯಿಯ ಗೆಳತಿ ಮಾ ಯುಲಾಲಿ ಇನ್ನೂ ದಂಡೆಯಲ್ಲೇ ಇದ್ದಾರೆ. ಬೆಳಗಾದರೆ ಬಾದಾಮಿ ಮರದ ಕೆಳಗೆ ಕುರ್ಚಿ ಹಾಕಿ ಕೂರುವ ಈ ಅಜ್ಜಿ ಯಾವ ತಾಲೀಮಿಗೂ ಎದ್ದವರಲ್ಲ. "ಕಡಲಿಗೆ ನನ್ನ ಗುರುತಿದೆ ಮಗಳೇ," ಎಂದು ಓಜೀಲಿಯಾರನ್ನು ಅಟ್ಟುತ್ತಾರೆ. "ನಿನ್ನ ಬಾಳೆಲೆ ಬೊಂಬೇನ ಹೊತ್ಕೊಂಡು ಓಡು ಹೋಗು. ಅದು ನಿನ್ನ ಮಾತು ಕೇಳುತ್ತೆ." ಆದರೆ ಶಂಖ ಕೇಳಿದರೆ ಎಲ್ಲರಿಗಿಂತ ಮೊದಲು ಬೋಗುಣಿ ಹಿಡಿಯುವವರೂ ಇವರೇ. ತಾಜಾ ಬಲಾವು ಮೀನೆಂದರೆ ಅವರಿಗೆ ಪ್ರಾಣ.

ಓಜೀಲಿಯಾ ಶಂಖ ಬಿಟ್ಟು ಇಗರ್ಜಿಯ ಗಂಟೆ ಹೊಡೆಸಿಯೂ ನೋಡಿದರು. ಯಾರು ಸತ್ತರು ಎಂದು ಕೇಳುತ್ತಾ ಜನ ಬೀದಿಯಲ್ಲೇ ನಿಂತರು. ಕೊನೆಗೆ ಹೊಳೆದದ್ದು ಒಂದೇ ದಾರಿ. ಸದ್ದು ಬದಲಿಸಲು ಆಗದಿದ್ದರೆ ಮೀನಿನ ಜಾಗವನ್ನೇ ಬದಲಿಸುವುದು, ಅಂದರೆ ಶಂಖ ಊದುವುದನ್ನೂ ಮೀನು ಮಾರುವುದನ್ನೂ ಶಾಲೆಯ ಬಯಲಿಗೆ ಒಯ್ಯುವುದು.

"ತಲೆಗೆ ಕಲಿಸಿ ಕಲಿಸಿ ಸಾಕಾಯ್ತು," ಎನ್ನುತ್ತಾರೆ. "ಇನ್ನು ಕಾಲಿಗೇ ಕಲಿಸ್ತೀನಿ ಅಂತ ಹೊರಟೆ."

ದೋಣಿಯವರಲ್ಲಿ ಹಿರಿಯ ಎಂದರೆ ಓಜೀಲಿಯಾರ ಸ್ವಂತ ತಮ್ಮ ಕ್ಲೋವಿಸ್. ಕೇಳಿದ್ದೇ ತಡ, ಕೆಂಡವಾದ. "ಅಕ್ಕಾ, ತಲೆ ನೆಟ್ಟಗಿದೆಯಾ ನಿಂಗೆ? ಬಲೆ ಎಳೆದ ಮೈಯಲ್ಲಿ ಮೀನು ಹೊತ್ಕೊಂಡು ಗುಡ್ಡ ಹತ್ಬೇಕಾ? ನಾನೇನು ಮೀನುಗಾರನೋ, ಕತ್ತೆಯೋ?"

"ಇಷ್ಟು ದಿನ ಮೀನುಗಾರ ಆಗಿದ್ದೆಯಲ್ಲ, ಇನ್ನು ಕತ್ತೆಯಾಗು," ಎಂದರು ಅಕ್ಕ. ಅವನು ಆಗಲಿಲ್ಲ. ಅರ್ಧ ಮೀನನ್ನು ಅಕ್ಕನ ಬುಟ್ಟಿಗೆ ಸುರಿದು, ಉಳಿದರ್ಧವನ್ನು ದಂಡೆಯಲ್ಲೇ ಮಾರಿದ.

ಹೀಗೆ ತಿಂಗಳುಗಟ್ಟಲೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದವರು ಓಜೀಲಿಯಾ. ಮೇಲೆ ನಿಂತು ಊದಿದರೆ, ಕೆಳಗೆ ಮೀನು ಸಿಗದ ಕೆಲವರು ಬೈದುಕೊಂಡು ಹತ್ತುತ್ತಿದ್ದರು. "ಮೀನು ತಿನ್ನೋಕೆ ಸ್ವರ್ಗಕ್ಕೇ ಬರ್ಬೇಕಾ ಮಿಸ್ ಓಜಿ?" ಎಂದರೆ, "ಕೆಳಗಿದ್ರೆ ಹೇಗೂ ಅಲ್ಲಿಗೇ ಹೋಗ್ತೀಯ, ಈಗ್ಲೇ ಬಾ" ಎಂಬ ಉತ್ತರ. ಈಗ ಮಂಡಿ ಊದಿಕೊಂಡಿದೆ. ಬುಟ್ಟಿ ಹೊರಲು ಆಗುವುದಿಲ್ಲ.

ಇವತ್ತು ಮತ್ತೆ ಅಣಕು ಕಾರ್ಯಾಚರಣೆ. ಊರಿಗೆ ಹೇಳಿಲ್ಲ, ಮೇಲೆ ಕಾಯುವ ಅಧಿಕಾರಿಯನ್ನು ಬಿಟ್ಟರೆ ಕ್ಲೋವಿಸ್‌ಗೂ ನನಗೂ ಮಾತ್ರ ಗೊತ್ತು. ಅವನು ಎಲ್ಲ ಮೀನನ್ನೂ ಮೇಲೆ ಒಯ್ದು ಊದಿದರೆ ಊರು ಹತ್ತುತ್ತದೆ. ದಂಡೆಯಲ್ಲೇ ಊದಿದರೆ ಹೋದ ವರ್ಷದ ಕಥೆಯೇ. ನಿನ್ನೆ ಕೇಳಿದ್ದಕ್ಕೆ "ನೋಡೋಣ" ಎಂದನಂತೆ.

"ಅವನ ನೋಡೋಣ ನಂಗೆ ಗೊತ್ತು," ಎಂದು ಓಜೀಲಿಯಾ ಸುಣ್ಣದ ಡಬ್ಬಿ ಮುಚ್ಚುತ್ತಾರೆ. "ಇವತ್ತೂ ಆಗದಿದ್ರೆ ಬಿಟ್ಬಿಡ್ತೀನಿ. ನಿಜವಾಗ್ಲೂ ಸುಸ್ತಾಗಿದೆ. ಒಂದು ಬಲಾವು ತಗೊಂಡು, ಬಾಳೆಕಾಯಿ ಹಾಕಿ ಸಾರು ಮಾಡ್ಕೊಂಡು ಕುಡಿದು ಮಲಗ್ಬೇಕು. ಇನ್ನೇನೂ ಬೇಡ."

ದಂಡೆಗಿಳಿದು, ಮನೆಗಳ ಸಾಲಿನ ತುದಿಯಲ್ಲಿ ಗೋಡೆಗೊರಗಿ ನಿಲ್ಲುತ್ತಾರೆ. ದೋಣಿಗಳು ಬಂದು ಮಲಗಿವೆ, ಕ್ಲೋವಿಸ್ ಕಾಣುವುದಿಲ್ಲ. ಮಾ ಯುಲಾಲಿ ಕುರ್ಚಿಯಲ್ಲಿ ಕೂತು ಕೋಕೋ ಚಹಾ ಕುಡಿಯುತ್ತಿದ್ದಾರೆ.

ಆಗ ಶಂಖ ಕೇಳುತ್ತದೆ. ಗುಡ್ಡದ ಮೇಲಿಂದ.

ಬಾಗಿಲುಗಳು ತೆರೆಯುತ್ತವೆ. ಒಬ್ಬರು ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಕಡಲ ಕಡೆ ಹಾಕಿ, ನಿಂತು, ಬೈದು, ತಿರುಗುತ್ತಾರೆ. ಉಳಿದವರ ಕಾಲುಗಳು ನೇರ ಮೆಟ್ಟಿಲಿಗೆ ಹೋಗುತ್ತವೆ. ಮಕ್ಕಳು ಕಂಕುಳಲ್ಲಿ, ಬೋಗುಣಿ ತಲೆಯ ಮೇಲೆ. ಮಾ ಯುಲಾಲಿ ಎರಡು ಸಲ ಕಡಲನ್ನೂ ಒಂದು ಸಲ ಗುಡ್ಡವನ್ನೂ ನೋಡಿ, ಲೋಟ ಕೆಳಗಿಟ್ಟು, ಬೋಗುಣಿ ಎತ್ತಿಕೊಂಡು, ಯಾರದೋ ಭುಜ ಹಿಡಿದು ಹೊರಡುತ್ತಾರೆ. "ಈ ಹುಡುಗೀರು ಮುದುಕೀರ್ನ ಕೊಂದೇ ತೀರ್ತಾರೆ," ಎಂಬ ಅವರ ಬೈಗುಳ ಮೆಟ್ಟಿಲುದ್ದಕ್ಕೂ ಕೇಳಿಸುತ್ತದೆ.

ಓಜೀಲಿಯಾ ಒಂದೊಂದೇ ಬಾಗಿಲು ತಟ್ಟಿ, ಒಳಗೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎಲ್ಲರಿಗಿಂತ ಹಿಂದೆ ಹತ್ತುತ್ತಾರೆ. ನಡುವೆ ಮೂರು ಕಡೆ ಕೂರುತ್ತಾರೆ. ಶಾಲೆಯ ಬಯಲು ತಲುಪಿದಾಗ ಊರು ಅಲ್ಲಿ ಚೌಕಾಸಿ ಮುಗಿಸಿ ಹರಟೆಗೆ ಕೂತಿದೆ. ಹೋದ ವರ್ಷ ನಕ್ಕಿದ್ದ ಅಧಿಕಾರಿ ಈ ಸಲ ನಗದೆ ಎದ್ದು ನಿಂತು ಅವರಿಗೆ ತಮ್ಮ ಕುರ್ಚಿ ಬಿಟ್ಟುಕೊಡುತ್ತಾರೆ. ಮಾ ಯುಲಾಲಿಯ ಬೋಗುಣಿ ತುಂಬಿದೆ.

ಕ್ಲೋವಿಸ್ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಾನೆ, ಅಂಗಿಯೆಲ್ಲ ಒದ್ದೆ. "ಎಲ್ಲಿದ್ದೆ ಅಕ್ಕಾ? ಮುಗೀತು."

"ನಂಗೊಂದು ಎತ್ತಿಡಲಿಲ್ವೇನೋ?"

"ಇಟ್ಟಿದ್ದೆ. ಮಾ ಯುಲಾಲಿ ಅದನ್ನೂ ಕಿತ್ಕೊಂಡ್ರು. ಒಂದು ಬಾಲವೂ ಉಳಿದಿಲ್ಲ."

ಓಜೀಲಿಯಾ ಮಂಡಿ ಉಜ್ಜಿಕೊಳ್ಳುತ್ತಾ ಖಾಲಿ ಬುಟ್ಟಿಯನ್ನು ನೋಡುತ್ತಾರೆ. ಆಮೇಲೆ ಮೆಟ್ಟಿಲ ಕಡೆ ತಿರುಗಿ, ಕೆಳಗಿನ ಖಾಲಿ ದಂಡೆಯನ್ನು, ಬಾದಾಮಿ ಮರದಡಿಯ ಖಾಲಿ ಕುರ್ಚಿಯನ್ನು ನೋಡುತ್ತಾರೆ. ಕಣ್ಣು ತುಂಬಿದ್ದನ್ನು ಮುಚ್ಚಿಡುವಷ್ಟು ತ್ರಾಣವೂ ಅವರಲ್ಲಿಲ್ಲ.

"ಇರಲಿ ಬಿಡು," ಎನ್ನುತ್ತಾರೆ ತಮ್ಮನಿಗೆ. "ಮೀನು ಉಳಿದಿಲ್ಲ ಅಂದ್ರೆ ಕೆಳಗೆ ಯಾರೂ ಉಳಿದಿಲ್ಲ."