ನಮ್ಮ ಮನೆಯಲ್ಲಿ ಸೂತಕವಿರಲಿಲ್ಲ

ನಮ್ಮ ಮನೆಯಲ್ಲಿ ಮುಟ್ಟಿಗೆ ಸೂತಕವಿಲ್ಲ. ಕೊರಳಲ್ಲಿ ಲಿಂಗವಿರುವವಳಿಗೆ ಎಲ್ಲಿಯ ಮೈಲಿಗೆ ಎಂದು ನನ್ನ ಅವ್ವ ನನಗೆ ಕಲಿಸಿದ್ದಳು, ನಾನು ಮಗಳಿಗೆ ಕಲಿಸಿದೆ. ಆ ದಿನಗಳಲ್ಲೂ ಜಳಕ, ವಿಭೂತಿ, ಲಿಂಗಪೂಜೆ, ಆಮೇಲೆ ರೊಟ್ಟಿ. ಕೇಶ್ವಾಪುರದ ನಮ್ಮ ಪಕ್ಕದ ಮನೆಯಲ್ಲಿ ಮಾತ್ರ ಹೆಣ್ಣುಮಕ್ಕಳು ಮೂರು ದಿನ ಹಿತ್ತಲ ಕೋಣೆಯಲ್ಲಿ ಚಾಪೆಯ ಮೇಲೆ ಕೂಡುತ್ತಿದ್ದರು. ಅವರನ್ನು ನೋಡಿ ‘ಪಾಪ’ ಎನ್ನುತ್ತಿದ್ದೆ. ಅದರಲ್ಲಿ ಮರುಕಕ್ಕಿಂತ ಜಂಬವೇ ಹೆಚ್ಚಿತ್ತು.

ಮಗಳಿಗೆ ಆಗ ಹದಿನೇಳು. ಮೈನೆರೆದಾಗಿನಿಂದ ಪ್ರತಿ ತಿಂಗಳೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

“ಎಲ್ಲಾ ಹೆಣ್ಮಕ್ಕಳಿಗೂ ಇರೂದ. ಏಳು, ಹಂಚು ಕಾಯಾಕತ್ತೈತಿ,” ಎನ್ನುತ್ತಿದ್ದೆ.

ಬರಬರುತ್ತ ಅವಳು ಹೇಳುವುದನ್ನೇ ಬಿಟ್ಟಳು. ನೋವು ಹೋಯಿತೆಂದು ನಾನು ಶಿವನಿಗೆ ಕೈಮುಗಿದೆ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಒಲೆಯ ಪಕ್ಕ ಕುಸಿದಳು. ನನ್ನ ಕೂಗು ಕೇಳಿ ಪಕ್ಕದ ಮನೆಯಾಕೆ ಓಡಿ ಬಂದರು. ಅವಳ ಮುಖಕ್ಕೆ ನೀರು ಚಿಮುಕಿಸುತ್ತ ಅಂದರು: “ನಮ್ಮ ಹುಡುಗಿಗೆ ಚಾಪಿ ಮ್ಯಾಲೆ ಮೂರು ದಿನಾನರೆ ಸಿಗ್ತಾವರಿ, ಅಕ್ಕಾರ. ನಿಮ್ಮಾಕಿಗೆ ಅದೂ ಇಲ್ಲಲ್ಲರೀ.”

ಅಂದೇ ಅವಳನ್ನು ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದೆ.

“ಹಾರ್ಮೋನಿನ ಹೊಸಾ ಗುಳಿಗಿ ಬಂದಾವು. ದಿನಾ ಒಂದು ನುಂಗಿದ್ರ ನೋವು ಇಳೀತೈತಿ,” ಎಂದರು ಅವರು. ನಾನು ಚೀಟಿಗೆ ಕೈ ಚಾಚಿಯೇ ಬಿಟ್ಟಿದ್ದೆ. ಮಗಳು ತಡೆದಳು.

“ಮೊದಲ ನನಗ ಏನಾಗೈತಿ ಹೇಳ್ರಿ, ಬಾಯಾರ. ಅದು ತಿಳೀದ ನಾ ಗುಳಿಗಿ ನುಂಗೂದಿಲ್ರಿ.”

ಡಾಕ್ಟರು ನಕ್ಕರು. “ಶ್ಯಾಣ್ಯಾಕಿ ಅದಿ!” ಎಂದು ನನ್ನತ್ತ ತಿರುಗಿದರು. “ಹಂಗಾದ್ರ ಹೇಳ್ರಿ ತಾಯಿ, ಮುಟ್ಟಿಗಿಂತ ಎಷ್ಟು ದಿನಾ ಮೊದಲ ನೋವು ಸುರು ಆಗ್ತೈತಿ? ಎಂದ ನಿಲ್ತೈತಿ?”

ಪಕ್ಕದ ಮನೆಯಾಕೆಯಾಗಿದ್ದರೆ ಮಗಳ ಮುಟ್ಟಿನ ದಿನವನ್ನು ಬೆರಳ ಮೇಲೆ ಎಣಿಸಿ ಹೇಳುತ್ತಿದ್ದರು. ಒಂದೇ ಒಲೆಯ ಮುಂದೆ ಕೂಡುತ್ತಿದ್ದ ನನಗೆ ಅದೂ ಗೊತ್ತಿರಲಿಲ್ಲ.

“ಆಕಿ ಎಂದೂ ಹೇಳೇ ಇಲ್ಲರೀ,” ಎಂದೆ.

ಮಗಳು ನೆಲ ನೋಡಿದಳು. ನನ್ನ ಸುಳ್ಳನ್ನು ಸುಳ್ಳು ಎನ್ನಲಿಲ್ಲ.

ಮೂರು ತಿಂಗಳು ಗುರುತು ಹಾಕಿಡಲು ಡಾಕ್ಟರು ಹೇಳಿದರು. ದಿನಾ ಪೂಜೆಯಿಂದ ಎದ್ದ ಕೂಡಲೇ ಅವಳನ್ನು ಕೇಳಿ ಕ್ಯಾಲೆಂಡರಿನಲ್ಲಿ ಬರೆದೆ. ನೋವು ಐದು ದಿನ ಮೊದಲೇ ಬಂದು, ಮುಟ್ಟು ನಿಂತ ಮೇಲೂ ಉಳಿಯುತ್ತಿತ್ತು. ಆ ಹಾಳೆಗಳನ್ನು ನೋಡಿದಾಗ ಡಾಕ್ಟರು ನಗಲಿಲ್ಲ. ಆಪರೇಷನ್ ಮಾಡಿ ಹೊಟ್ಟೆಯೊಳಗೆ ನೋಡಿದರು. ಗರ್ಭಕೋಶದ ಒಳಪದರಿನಂಥದ್ದೇ ಹೊರಗೂ ಬೆಳೆದು, ತಿಂಗಳು ತಿಂಗಳೂ ಅಲ್ಲಿ ರಕ್ತ ಕಟ್ಟುತ್ತಿತ್ತಂತೆ. ಕಟ್ಟಿದ್ದನ್ನು ತೆಗೆದರು. ಉಳಿದದ್ದಕ್ಕೆ ಅದೇ ಗುಳಿಗೆ.

“ಈಗ ಕೊಡ್ರಿ,” ಎಂದಳು ಮಗಳು.

ಕೆಟ್ಟ ಗಡ್ಡೆಯಲ್ಲ, ಅದು ಶಿವನ ಕರುಣೆ. ಡಾಕ್ಟರು ಹೆಂಗಸಾಗಿದ್ದದ್ದೂ ಕರುಣೆ. ಮಗಳಿಗೆ ಕೇಳುವ ಬಾಯಿ ಕೊಟ್ಟಿದ್ದನಲ್ಲ, ಅದು ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಆ ಬಾಯಿ ಮುಚ್ಚಿಸಿದವಳು ಮಾತ್ರ ನಾನು.

ಗುಳಿಗೆ ಹಿಡಿದು ಮೂರು ತಿಂಗಳಾದ ಮೇಲೆ, ಕ್ಯಾಲೆಂಡರಿನ ಪ್ರಕಾರ ನೋವು ಬರಬೇಕಿದ್ದ ಒಂದು ಮುಂಜಾನೆ ಅವಳೇ ಎದ್ದು ರೊಟ್ಟಿಗೆ ಕೂತಳು.

“ಮಲ್ಕೋ ಹೋಗು,” ಎಂದೆ.

“ನೋವಿಲ್ಲವ್ವಾ.”

“ಖರೇ ಹೇಳು.”

“ಖರೇನ, ಅವ್ವಾ!” ಎಂದು ನಕ್ಕಳು.

ಕುಸಿದುಬಿದ್ದ ದಿನದ ಹಿಂದಿನ ರಾತ್ರಿಯೂ ಹೀಗೆಯೇ ನಕ್ಕಿದ್ದಳು. ಅವಳ ಕೈಯಿಂದ ಹಿಟ್ಟು ತೆಗೆದುಕೊಂಡು, ಒಲೆಯ ಪಕ್ಕ ಚಾಪೆ ಹಾಸಿದೆ.

“ಇದೇನವ್ವಾ, ನಮ್ಮ ಮನ್ಯಾಗೂ ಚಾಪಿ ಬಂತು?”

“ಸುಮ್ನ ಕೂಡು.”

ಕೂತಳು. ರೊಟ್ಟಿ ಬಡಿಯುತ್ತ ಅವಳ ಮುಖವನ್ನೇ ನೋಡುತ್ತಿದ್ದೆ. ಎರಡು ರೊಟ್ಟಿ ಸೀದುಹೋದವು.