ತಬಾವಾಳ ಅಲಸಂದೆ ಗಡಿಗೆ

ಮರಾದಿ ಸೀಮೆಯ ಒಂದು ಹಳ್ಳಿಯಲ್ಲಿ ತಬಾವಾಳ ಅಲಸಂದೆಗೆ ಹುಳ ಬಿದ್ದದ್ದನ್ನು ಕಂಡವರಿಲ್ಲ. ಕಾಳನ್ನು ಕೈ ಸುಡುವಂಥ ಬಿಸಿಲಿಗೆ ಹಾಕಿ, ಒಣಗಿಸಿದ ಬೇವಿನೆಲೆ ಕುಟ್ಟಿ ಬೆರೆಸಿ, ಗಡಿಗೆಯ ಬಾಯಿಗೆ ಮಣ್ಣು ಮೆತ್ತುತ್ತಿದ್ದಳು. ಮಳೆಗಾಲದಲ್ಲಿ ಊರಿನವರ ಕಾಳೆಲ್ಲ ತೂತಾಗಿ ಪುಡಿ ಉದುರುವಾಗ ಇವಳು ಕೂಡುದಾರಿಯಲ್ಲಿ ಒಲೆ ಹೂಡಿ ಅಲಸಂದೆ ವಡೆ ಕರಿದು ಮಾರುತ್ತಿದ್ದಳು.

ಅದು ಸವತಿಯ ಕಣ್ಣು ಕುಕ್ಕಿತು. ಗಂಡನ ಕಿರಿಯ ಹೆಂಡತಿ ಜುವೈರಾ ಬಾವಿಕಟ್ಟೆಯಲ್ಲಿ ಒಂದು ಮಾತು ಬಿಟ್ಟಳು: ಅಕ್ಕನ ಗಡಿಗೆ ಕಾಯುವುದು ಬೇವಲ್ಲ, ದೆವ್ವ. ಊರಿಗೆ ಅಷ್ಟು ಸಾಕಾಯಿತು. ನಿನ್ನೆಯ ತನಕ ವಡೆಗೆ ಕೈಚಾಚಿದವರು ಮುಖ ತಿರುಗಿಸಿದರು. ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಜುವೈರಾಳ ಒಲೆ ಉರಿಯಿತು. ತಬಾವಾ ಜಗಳವಾಡಲಿಲ್ಲ, ವರ್ಷಗಟ್ಟಲೆ ಹಲ್ಲು ಕಚ್ಚಿ ಕಾದಳು. ಕ್ಷಮೆ ದೊಡ್ಡ ಗುಣ ಎನ್ನುವವರು ಒಂದು ದಿನ ಅವಳ ತಣ್ಣನೆಯ ಒಲೆಯ ಮುಂದೆ ಕೂತು ನೋಡಬೇಕಿತ್ತು.

ಜುವೈರಾಳ ಮಗಳು ಬಲ್ಕಿಗೆ ಮದುವೆ ಗೊತ್ತಾಯಿತು. ಹೆಣ್ಣಿನ ತಾಯಿ ಬೀಗರ ಮನೆಗೆ ಕಾಳುಕಡ್ಡಿ ಹೊರಿಸಬೇಕು. ಅಲ್ಲಿನ ಹೆಂಗಸರು ಅದನ್ನು ಚಾಪೆಗೆ ಸುರಿದು, ಮುಟ್ಟಿ ನೋಡಿ, ಬಾಯಿಗೆ ಬಂದದ್ದು ಆಡುತ್ತಾರೆ. ಸುಗ್ಗಿಯಲ್ಲೇ ಜುವೈರಾ ನಾಚಿಕೆ ಬಿಟ್ಟು ಬಂದು ಬೇವಿನ ಪುಡಿ ಕೇಳಿದಳು. ತಬಾವಾ ಮೊರದ ತುಂಬ ಕೊಟ್ಟಳು. ಬಿಸಿಲಿನ ಮಾತನ್ನು ಮಾತ್ರ ಎತ್ತಲಿಲ್ಲ. ಬೇವು ಹೊರಗಿನ ಹುಳವನ್ನು ತಡೆಯುತ್ತದೆ. ಹೊಲದಲ್ಲೇ ಕಾಳಿನೊಳಗೆ ಸೇರಿಕೊಂಡದ್ದನ್ನು ಸುಡುವುದು ಬಿಸಿಲು.

ಮದುವೆಯ ಹಿಂದಿನ ದಿನ ಜುವೈರಾ ಗಡಿಗೆಯ ಬಾಯಿ ಬಿಚ್ಚಿದರೆ ಹುಳಗಳು ಮುಖಕ್ಕೇ ಹಾರಿದವು. ಕಾಳೆಲ್ಲ ಟೊಳ್ಳು. ಓಡಿ ಬಂದು ತಬಾವಾಳ ಕಾಲು ಹಿಡಿದಳು.

"ಅಕ್ಕಾ, ನಿನ್ನ ಗಡಿಗೆ ಕೊಡು. ಬೀಗರ ಮುಂದೆ ಮಗಳ ಮಾನ ಹೋಗುತ್ತೆ."

"ನಂದು ದೆವ್ವ ಕಾಯೋ ಗಡಿಗೆ ಕಣೇ. ಮದುವೆ ಮನೆಗೆ ಹೆಂಗೆ ಕಳಿಸ್ತೀಯ?"

"ಆ ಮಾತು ಸುಳ್ಳು ಅಕ್ಕಾ."

"ನಂಗೊತ್ತು. ಕೂಡುದಾರಿಗೆ ನಡಿ. ನಿನ್ನ ಒಲೆ ಮುಂದೆ ನಿಂತು ಹೇಳು."

ಸಂಜೆ, ವಡೆಗೆ ಜನ ಸೇರುವ ಹೊತ್ತು. ಜುವೈರಾ ತಲೆ ತಗ್ಗಿಸಿ ಒಪ್ಪಿಕೊಂಡಳು: ದೆವ್ವದ ಕತೆ ತಾನೇ ಕಟ್ಟಿದ್ದು, ಈ ಜಾಗದ ಆಸೆಗೆ. ತಬಾವಾ ಸೊಂಟದ ಮೇಲಿನ ಗಡಿಗೆಯನ್ನು ಇಳಿಸಲಿಲ್ಲ. ಅವಳ ಹೊಟ್ಟೆಯುರಿ ಇನ್ನೂ ಪೂರ್ತಿ ತಣಿದಿರಲಿಲ್ಲ.

"ಗಟ್ಟಿಯಾಗಿ ಹೇಳು," ಎಂದಳು. "ಮರದ ಕೆಳಗೆ ಕೂತೋರಿಗೆ ಕೇಳಿಸ್ಲಿಲ್ಲ."

ಜುವೈರಾ ಅಳುತ್ತ ಮತ್ತೊಮ್ಮೆ ಹೇಳಿದಳು. ಆಮೇಲೆಯೇ ತಬಾವಾ ಗಡಿಗೆಯನ್ನು ಅವಳ ತಲೆಗೆ ಹೊರಿಸಿದಳು.